ಕಾವಲಿನ ಮಳೆ, ಕಡಲಂಚಿನ ಮಣ್ಣು

ಉಳ್ಳಾರ್ತಿ ಕಾವಲಿನ ಮೇಲೆ ಬಿದ್ದ ಮಳೆನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಚಳ್ಳಕೆರೆ ಸೀಮೆಯ ಗೃಹಿಣಿ ನಕ್ಕುಬಿಟ್ಟಾಳು. "ಅಯ್ಯೋ, ಮೊದಲು ಮಳೆ ಬರಲಿ ಕಣಮ್ಮ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಲಿ!" ಎಂದಾಳು. ಆ ಮಾತೂ ನಿಜವೇ. ವರ್ಷಕ್ಕೆ 500 ಮಿಲಿಮೀಟರು ಮಳೆಯನ್ನೂ ಕಾಣದ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು.

ಆದರೂ ಆ ನೀರಿಗೊಂದು ದಾರಿ ಇದೆ. ಬಾಬಾಬುಡನ್ ಗಿರಿಗಳ ಕಡೆಯಿಂದ ಇಳಿದು ಬರುವ ವೇದಾ ಮತ್ತು ಅವತಿ ಎಂಬೆರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದು ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳನ್ನು ಹಾದು, ಅನಂತಪುರ ಸೀಮೆಯನ್ನು ಮುಟ್ಟಿ, ಹಗರಿ ಎಂಬ ಹೆಸರು ಪಡೆದು, ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ವಿಜಯವಾಡ ದಾಟಿ ಬಂಗಾಳ ಕೊಲ್ಲಿಗೆ. ಅಲ್ಲಿ ಕಡಲಿಗೆ ಬೀಳುವ ಮುಂಚೆ ನದಿ ಕವಲೊಡೆದು ಬೀಸಣಿಗೆಯಂತೆ ಹರಡಿಕೊಂಡ ಹಸಿರು ನೆಲವೇ ಕೃಷ್ಣಾ ಮುಖಜ ಭೂಮಿ.

ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಆ ಮುಖಜ ಭೂಮಿ ಕಷ್ಟದಲ್ಲಿದೆ. ಇತ್ತ ನಮ್ಮ ಒಣ ಸೀಮೆಯೂ ಕಷ್ಟದಲ್ಲಿದೆ. ಒಂದೇ ನದಿಯ ಎರಡು ತುದಿ. ಅಲ್ಲಿನವರು ಹೇಗೆ ಹೊಂದಿಕೊಳ್ಳುತ್ತಿದ್ದಾರೆ, ಅದರಿಂದ ನಾವು ಕಲಿಯುವುದೇನಾದರೂ ಇದೆಯೇ? ಸ್ವಲ್ಪ ನೋಡೋಣ ಬನ್ನಿ.

ನದಿ ಕಟ್ಟಿದ ನೆಲ

ಅಕ್ಕಿ ತೊಳೆದ ನೀರನ್ನು ಪಾತ್ರೆಯಲ್ಲಿ ಹಾಗೇ ಬಿಟ್ಟರೆ ತಳದಲ್ಲಿ ಬಿಳಿಯ ಗಷ್ಟು ಕೂರುತ್ತದಲ್ಲ, ಮುಖಜ ಭೂಮಿ ಹುಟ್ಟುವುದೂ ಹಾಗೆಯೇ. ನದಿ ಓಡುವಾಗ ಮಣ್ಣನ್ನು ಹೊತ್ತು ತರುತ್ತದೆ. ಕಡಲ ಹತ್ತಿರ ಬಂದು ಅದರ ಓಟ ನಿಧಾನವಾದಾಗ ಆ ಮಣ್ಣು ಕೆಳಗೆ ಕೂರುತ್ತದೆ. ಸಾವಿರಾರು ವರ್ಷ ಹೀಗೆ ಪದರದ ಮೇಲೆ ಪದರ ಕೂತು ಫಲವತ್ತಾದ ನೆಲವಾಗುತ್ತದೆ.

ಈ ನೆಲ ತನ್ನ ಭಾರಕ್ಕೆ ತಾನೇ ಸ್ವಲ್ಪ ಸ್ವಲ್ಪ ಕುಸಿಯುತ್ತಿರುತ್ತದೆ. ಪ್ರತಿವರ್ಷ ಹೊಸ ಮಣ್ಣು ಬಂದು ಬಿದ್ದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಕಡಲು ಒಳಗೆ ಬರುತ್ತದೆ. ಇಂದು ಹೊಸ ಮಣ್ಣು ಅಲ್ಲಿಗೆ ಸಾಕಷ್ಟು ಹೋಗುತ್ತಿಲ್ಲ. ಎಲ್ಲಿ ಹೋಯಿತು? ಅಣೆಕಟ್ಟುಗಳಲ್ಲಿ ನಿಂತಿತು. ಹೊಸಪೇಟೆಯ ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ನಾಗಾರ್ಜುನಸಾಗರ, ಶ್ರೀಶೈಲಗಳಲ್ಲೂ ಹೂಳು ನಿಲ್ಲುತ್ತದೆ. ಕಡಲಂಚಿಗೆ ಹೋಗಬೇಕಿದ್ದ ಮಣ್ಣು ದಾರಿಯಲ್ಲೇ ಮಲಗಿದೆ.

ಇದರ ಜತೆಗೆ ಭೂಮಿ ಬಿಸಿಯಾಗುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಕಡಲ ಮಟ್ಟ ಸುಮಾರು 20 ಸೆಂಟಿಮೀಟರು, ಅಂದರೆ ಒಂದು ಗೇಣಿನಷ್ಟು ಏರಿದೆ. ಒಂದು ಗೇಣು ತಾನೇ ಎನ್ನಬೇಡಿ. ಚಪ್ಪಟೆ ನೆಲದಲ್ಲಿ ಒಂದು ಗೇಣು ಏರಿದರೆ ಉಪ್ಪುನೀರು ಬಹಳ ದೂರ ಒಳಗೆ ಬರುತ್ತದೆ. ಬಾವಿ ಸಿಹಿನೀರಿನದು ಉಪ್ಪಾಗುತ್ತದೆ, ಗದ್ದೆ ಸವುಳಾಗುತ್ತದೆ.

ಅಲ್ಲಿನವರು ಹೇಗೆ ಹೊಂದಿಕೊಂಡರು?

ಕೃಷ್ಣಾ ಮುಖಜ ಭೂಮಿಯ ದಿವಿಸೀಮೆಯನ್ನು 1977ರ ನವೆಂಬರಿನ ಚಂಡಮಾರುತ ಮುಳುಗಿಸಿತು. ಎತ್ತರದ ಅಲೆಗಳು ಊರೂರನ್ನೇ ನುಂಗಿ ಸಾವಿರಾರು ಜನ ಸತ್ತರು. ಆಮೇಲೆ ಆ ಕರಾವಳಿಯಲ್ಲಿ ಎತ್ತರದ ಆಶ್ರಯ ಕಟ್ಟಡಗಳು ಬಂದವು. ಕಡಲಂಚಿನ ಕಾಂಡ್ಲಾ ಕಾಡು ಅಲೆಯ ಹೊಡೆತವನ್ನು ತಗ್ಗಿಸುತ್ತದೆ ಎಂಬುದನ್ನು ಜನ ಅರಿತುಕೊಂಡರು.

ಬಾಂಗ್ಲಾದೇಶದ್ದಂತೂ ಬಹುಪಾಲು ಮುಖಜ ಭೂಮಿಯೇ. 1970ರ ಚಂಡಮಾರುತದಲ್ಲಿ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಮುನ್ಸೂಚನೆ, ಆಶ್ರಯ ಕಟ್ಟಡ, ಮನೆಮನೆಗೆ ಹೋಗಿ ಎಚ್ಚರಿಸುವ ಸ್ವಯಂಸೇವಕರು, ಇವೆಲ್ಲ ಬಂದ ಮೇಲೆ 2020ರ ಅಂಫಾನ್ ಚಂಡಮಾರುತದಲ್ಲಿ ಆ ದೇಶದಲ್ಲಿ ಸತ್ತವರ ಲೆಕ್ಕ ನೂರನ್ನೂ ಮುಟ್ಟಲಿಲ್ಲ. ಅಲ್ಲಿನ ಗೃಹಿಣಿಯರ ಜಾಣತನವನ್ನೂ ಕೇಳಿ. ಮನೆಯ ಅಡಿಪಾಯವನ್ನು ಎತ್ತರಿಸಿಕೊಂಡರು. ನೆರೆಯಲ್ಲಿ ಕೋಳಿ ಮುಳುಗುತ್ತದೆ, ಬಾತುಕೋಳಿ ಈಜುತ್ತದೆ ಎಂದು ಬಾತುಕೋಳಿ ಸಾಕಿದರು. ನೀರು ನಿಂತ ಕಡೆ ಜೊಂಡು, ಅಂತರಗಂಗೆಗಳನ್ನು ಒಟ್ಟಿ ತೇಲುವ ಪಾತಿ ಮಾಡಿ ಸೊಪ್ಪು ತರಕಾರಿ ಬೆಳೆದರು. ತೇಲುವ ತೋಟ ಅಲ್ಲಿಯ ಹಳೆಯ ಪದ್ಧತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು.

ನೆದರ್ಲೆಂಡ್ಸ್ ದೇಶದವರದು ಇನ್ನೊಂದು ಬಗೆ. ನೂರಾರು ವರ್ಷ ಏರಿ ಎತ್ತರಿಸುತ್ತಲೇ ಬಂದವರು ಅವರು. 1995ರ ಪ್ರವಾಹದ ಭಯಕ್ಕೆ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಯೋಚನೆ ಬದಲಿಸಿ ಕೆಲವು ಕಡೆ ಏರಿಯನ್ನು ಹಿಂದಕ್ಕೆ ಸರಿಸಿ, "ನದಿಗೆ ಜಾಗ ಬಿಡಿ" ಎಂಬ ಯೋಜನೆ ಮಾಡಿದರು.

ಇಷ್ಟು ದೂರ ಯಾಕೆ, ನಮ್ಮ ಕುಮಟಾದ ಅಘನಾಶಿನಿ ಅಳಿವೆಯನ್ನೇ ನೋಡಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಅಲ್ಲಿನ ರೈತರು ತಲೆತಲಾಂತರದಿಂದ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅದು ಉಪ್ಪನ್ನೂ ತಾಳುತ್ತದೆ, ಮುಳುಗಡೆಯನ್ನೂ ತಾಳುತ್ತದೆ.

ಈ ಎಲ್ಲದರಲ್ಲೂ ಕಾಣುವುದು ಎರಡೇ ಮಾತು. ಒಂದು, ನೀರಿಗೆ ಅದರ ಜಾಗ ಬಿಡು. ಎರಡು, ನೆಲಕ್ಕೆ ಒಗ್ಗುವುದನ್ನು ಬೆಳೆ, ಒಗ್ಗುವುದನ್ನು ಸಾಕು. ಒಣ ಸೀಮೆಗೂ ಈ ಎರಡು ಮಾತು ಸಾಲದೇ?

ತುಂಬಿದ ವರ್ಷ, ಒಣಗಿದ ವರ್ಷ

ಬಿಸಿಯಾದ ಗಾಳಿ ಹೆಚ್ಚು ಆವಿಯನ್ನು ಹಿಡಿಯುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು. ಆದ್ದರಿಂದ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ನಡುವೆ ಒಣ ದಿನಗಳು ಉದ್ದವಾಗುತ್ತವೆ.

ಇದು ಪುಸ್ತಕದ ಮಾತಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ! ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು, ಬಾಗಿನ ಬಿಟ್ಟರು. ಮರುವರ್ಷ ಏನಾಯಿತು? 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು, ಚಿತ್ರದುರ್ಗ ಜಿಲ್ಲೆಯೂ ಅದರಲ್ಲಿ ಸೇರಿತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಬಿತ್ತು. ಆದರೆ ಈಗ ಅಲ್ಲಿಗೆ ಭದ್ರೆಯಿಂದಲೂ ನೀರು ಹರಿಸುತ್ತಾರೆ ಎಂಬುದನ್ನು ಮರೆಯಬಾರದು.

ಇಂಥ ಏರುಪೇರಿಗೆ ಮೊದಲು ಸಿಕ್ಕಿಬೀಳುವುದು ಶೇಂಗಾ. ಚಳ್ಳಕೆರೆಗೆ "ಎಣ್ಣೆ ನಗರ" ಎಂಬ ಹೆಸರು ತಂದುಕೊಟ್ಟ ಬೆಳೆ ಅದು, ಅದನ್ನು ಹಳಿಯುವಂತಿಲ್ಲ. ಆದರೆ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ಕೀಳುವ ಹೊತ್ತಿಗೆ ಹಿಡಿದುಕೊಂಡರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ, ಬಳ್ಳಿ ಕೊಳೆತು ದನಕ್ಕೂ ಇಲ್ಲದಂತಾಗುತ್ತದೆ. ಹೊಲದ ತುಂಬ ಅದೊಂದೇ ಇದ್ದರೆ ಆ ವರ್ಷ ಮನೆಯೊಡತಿಯ ಕೈಯಲ್ಲಿ ಉಳಿಯುವುದು ಸಾಲದ ಚೀಟಿ.

ಕಾವಲೇ ನಮ್ಮ ಕಾಂಡ್ಲಾ ಕಾಡು

ಮೈಸೂರು ಅರಸರ ಕಾಲದ "ಬೆಣ್ಣೆ ಚಾವಡಿ"ಯ ದನಗಳಿಗೆಂದು ಮೀಸಲಾಗಿದ್ದ ಹುಲ್ಲುಗಾವಲುಗಳೇ ಈ ಕಾವಲುಗಳು. ಟಿಪ್ಪು ಸುಲ್ತಾನನ ಕಾಲದಲ್ಲಿ ಇಲಾಖೆಗೆ "ಅಮೃತ ಮಹಲ್" ಎಂಬ ಹೆಸರು ಬಂತು. ಯಾವ ಋತುವಿನಲ್ಲಿ ಯಾವ ಕಾವಲು ಎಂದು ಹಂಚಿಕೊಂಡು ಮೇಯಿಸುತ್ತಿದ್ದರು. ಒಂದು ಕಡೆ ಹುಲ್ಲು ತೀರುವ ಮುಂಚೆ ಇನ್ನೊಂದು ಕಡೆಗೆ. ಬರದ ನಾಡಿಗೆ ಹೊಂದಿಕೊಳ್ಳುವ ಇದಕ್ಕಿಂತ ಜಾಣ ಉಪಾಯ ಬೇಕೇ?

ಕಾವಲನ್ನು ಬೀಳುಭೂಮಿ ಎಂದುಕೊಳ್ಳುವವರೇ ಹೆಚ್ಚು. ಆದರೆ ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ರಭಸದ ಮಳೆಯನ್ನು ತಡೆದು ಒಳಗೆ ಇಳಿಸುತ್ತದೆ, ತಗ್ಗಿನ ಗೋಕಟ್ಟೆಗೆ ನೀರು ಕೊಡುತ್ತದೆ. ಕುರಿ, ದನ, ಮ್ಯಾಸಬೇಡರ ಹಟ್ಟಿಗಳ ದೇವರ ಎತ್ತು, ಎಲ್ಲಕ್ಕೂ ಅದೇ ಆಸರೆ. ಚಳ್ಳಕೆರೆಯ ಕಂಬಳಿ ಹುಟ್ಟುವುದೂ ಅಲ್ಲಿಂದಲೇ. ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ, ಉಣ್ಣೆಯಿದ್ದರೆ ನೂಲುವ ಹೆಂಗಸರ ಕೈಗೆ ನಾಲ್ಕು ಕಾಸು. ಬೆಳೆ ಹೋದ ವರ್ಷ ಒಲೆ ಉರಿಸುವುದು ಈ ಕಾಸೇ.

2009ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾವಲು ದೊಡ್ಡ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಗೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಮೇವಿನ ದಾರಿಗೆ ಗೋಡೆ ಬಂತೆಂದು ಹಳ್ಳಿಯವರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ತೀರ್ಪೂ ಬಂತು. ದೇಶಕ್ಕೆ ಸಂಶೋಧನೆ ಬೇಕು, ಯಾರೂ ಬೇಡವೆನ್ನರು. ಆದರೆ ಕಾಂಡ್ಲಾ ಕಾಡು ಕಡಿದ ಕರಾವಳಿಗೆ ಅಲೆ ಹೇಗೆ ನೇರವಾಗಿ ಹೊಡೆಯುತ್ತದೋ, ಕಾವಲು ಕಳೆದುಕೊಂಡ ಸೀಮೆಗೆ ಬರವೂ ಹಾಗೆಯೇ ಹೊಡೆಯುತ್ತದೆ. ಉಳಿದ ಕಾವಲು, ಗೋಮಾಳ, ಗೋಕಟ್ಟೆಗಳನ್ನು ಗ್ರಾಮಸಭೆಯಲ್ಲಿ ಕೇಳಿ ಉಳಿಸಿಕೊಳ್ಳುವುದು ಬಡಬಗ್ಗರ ಮನೆಯ ಅನ್ನದ ಪ್ರಶ್ನೆ. ಆ ಸಭೆಗೆ ಹೆಂಗಸರೂ ಹೋಗಬೇಕು, ಬಾಯಿಬಿಟ್ಟು ಕೇಳಬೇಕು.

ಮನೆಯಲ್ಲಿ ನಾವೇನು ಮಾಡಬಹುದು?

ಸೂರಿನ ನೀರು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಹತ್ತು ಮೀಟರು ಉದ್ದ, ಎಂಟು ಮೀಟರು ಅಗಲದ ತಾರಸಿಯ ಮೇಲೆ ವರ್ಷಕ್ಕೆ 450 ಮಿಲಿಮೀಟರು ಬಿದ್ದರೂ 36,000 ಲೀಟರು ಆಯಿತು. ಪೋಲಾಗುವ ಐದರಲ್ಲೊಂದು ಪಾಲು ಕಳೆದರೂ ಹತ್ತಿರ ಹತ್ತಿರ 29,000 ಲೀಟರು. ಅಡುಗೆಗೂ ಕುಡಿಯಲೂ ದಿನಕ್ಕೆ 25 ಲೀಟರು ಬಳಸುವ ಮನೆಗೆ ಮೂರು ವರ್ಷದ ನೀರು! ಅಷ್ಟನ್ನೂ ಹಿಡಿಯಲು ತೊಟ್ಟಿ ಸಾಲದಿದ್ದರೆ ಬೇಡ, ಅರ್ಧ ಹಿಡಿದರೂ ಲಾಭವೇ. ಮೊದಲ ಮಳೆಯನ್ನು ಹೊರಗೆ ಬಿಡಿ. ಆಮೇಲಿನದನ್ನು ಸೋಸಿ, ಬೆಳಕು ಬೀಳದ ತೊಟ್ಟಿಗೆ ತುಂಬಿ, ಕುದಿಸಿ ಆರಿಸಿ ಕುಡಿಯಿರಿ.

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಕೀಲುನೋವಿಗೆ ಅದು ಕಾರಣವಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ. ಮಳೆನೀರಿಗೆ ಆ ದೋಷವಿಲ್ಲ.

ಹೊಲದ ಮಣ್ಣು: ಹೊಲದಿಂದ ಕೊಚ್ಚಿಹೋದ ಮಣ್ಣು ಕಡಲಂಚಿನವರಿಗಾದರೂ ಸಿಗುತ್ತದೆಯೇ? ಇಲ್ಲ, ಕೆರೆ ಜಲಾಶಯಗಳಲ್ಲಿ ಹೂಳಾಗಿ ಕೂರುತ್ತದೆ. ನಮಗೂ ಇಲ್ಲ, ಅವರಿಗೂ ಇಲ್ಲ. ಬದು ಹಾಕಿಸಿ, ಬದುವಿನ ಮೇಲೆ ಹುಲ್ಲು ಬೆಳೆಸಿ, ಕೆರೆ ಒಣಗಿದಾಗ ಹೂಳು ತಂದು ಹೊಲಕ್ಕೆ ಹರಡಿಸಿ. ಯಜಮಾನರಿಗೆ ಬೇಸಿಗೆಯಲ್ಲೇ ನೆನಪು ಮಾಡಿಬಿಡಿ, ಮಳೆ ಬಂದ ಮೇಲೆ ಯಾರಿಗೂ ಬಿಡುವಿರುವುದಿಲ್ಲ!

ಬೆಳೆ ಮತ್ತು ಬೀಜ: ಶೇಂಗಾ ಇರಲಿ, ಅದರ ಜತೆಗೆ ತೊಗರಿ, ಅಲಸಂದೆ, ಹರಳಿನ ಸಾಲುಗಳಿರಲಿ. ಒಂದು ತುಂಡು ಹೊಲದಲ್ಲಿ ನವಣೆ, ಸಾವೆ ಹಾಕಿಸಿ. ನವಣೆ ಸುಮಾರು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಕಡಿಮೆ ನೀರು ಸಾಕು, ದನಕ್ಕೆ ಹುಲ್ಲೂ ಆಗುತ್ತದೆ. ಕಾಳು ಚೆನ್ನಾಗಿ ಒಣಗಿಸಿ, ಬೂದಿ, ಬೇವಿನ ಎಲೆ ಬೆರೆಸಿ ಬೀಜಕ್ಕೆಂದು ಬೇರೆ ಎತ್ತಿಡಿ. ಬೀಜ ಮನೆಯಲ್ಲಿದ್ದರೆ ತಡವಾಗಿ ಬಂದ ಮಳೆಗೂ ಬಿತ್ತಬಹುದು.

ಅಡುಗೆ: ತಟ್ಟೆಯಲ್ಲಿ ಬೇಡಿಕೆ ಇಲ್ಲದಿದ್ದರೆ ಹೊಲದಲ್ಲಿ ಯಾರು ಬೆಳೆದಾರು? ವಾರಕ್ಕೆ ಎರಡು ದಿನ ಅಕ್ಕಿಯ ಬದಲು ನವಣೆ ಮಾಡಿ. ಒಂದು ಲೋಟ ನವಣೆಯಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಎರಡೂವರೆ ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಮುಚ್ಚಿ ಹತ್ತು ನಿಮಿಷ ಬಿಡಿ. ಉದುರುದುರಾಗಿ ಬರುತ್ತದೆ. ಬಿಸಿ ಸಾರಿಗೂ ಸೈ, ಮರುದಿನದ ಚಿತ್ರಾನ್ನಕ್ಕೂ ಸೈ. ಮಕ್ಕಳು ಮೊದಲ ದಿನ ಮುಖ ಸಿಂಡರಿಸಿದರೆ ಹುರಿದ ಶೇಂಗಾ ನಾಲ್ಕು ಕಾಳು ಜಾಸ್ತಿ ಹಾಕಿ, ತಾವೇ ಕೇಳಿ ಬಡಿಸಿಕೊಳ್ಳುತ್ತಾರೆ.

ಕಡಲಂಚಿನ ಆ ತಾಯಂದಿರು ನೀರು ಹೆಚ್ಚಾಯಿತೆಂದು ಮನೆ ಎತ್ತರಿಸಿ, ಬಾತುಕೋಳಿ ಸಾಕಿದರು. ನೀರು ಕಡಿಮೆಯಾದ ನಾವು ತೊಟ್ಟಿ ಕಟ್ಟಿಸಿ, ನವಣೆಯ ಬೀಜ ಎತ್ತಿಟ್ಟು, ಕಾವಲಿನ ಹುಲ್ಲು ಉಳಿಸಿಕೊಳ್ಳಬೇಕು. ಆಕಾಶವನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಆದರೆ ಈ ಸಲದ ಮುಂಗಾರಿಗೆ ಮುಂಚೆ ತಾರಸಿ ಗುಡಿಸಿ, ಕೊಳವೆಗೊಂದು ಸೋಸುಬಟ್ಟೆ ಕಟ್ಟುವುದು ನಮ್ಮ ಕೈಯಲ್ಲೇ ಇದೆ, ಅಲ್ಲವೇ?