ಕೂಲೆಂಟ್ ತುಂಬಿದಿರಿ, ಗಾಳಿ ತೆಗೆದಿರಾ?

ಕೂಲೆಂಟ್ ಬದಲಿಸಿ ಎರಡೇ ದಿನ. ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತೆ, ಇಳಿಯುತ್ತೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಎಲ್ಲೂ ಸೋರಿಕೆ ಇಲ್ಲವಾದರೆ, ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಗಾಳಿ ಎತ್ತರದ ಜಾಗ ಹುಡುಕಿ ಕೂರುತ್ತೆ: ಥರ್ಮೋಸ್ಟಾಟ್ ಬಳಿ, ಹೀಟರ್ ಕೋರ್‌ನಲ್ಲಿ, ಸಿಲಿಂಡರ್ ಹೆಡ್‌ನಲ್ಲಿ. ಅಲ್ಲಿ ಲೋಹದ ಬಿಸಿ ಹೀರಲು ದ್ರವವೇ ಇಲ್ಲ. ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಕೂಡ ನಿಜ ಹೇಳೋದಿಲ್ಲ. ನನಗೆ ಭಯ ಅದೇ. ಹೆಡ್ ಗ್ಯಾಸ್ಕೆಟ್ ಹೋದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಗಾಳಿ ತೆಗೆಯಲು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲೆಂಟ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ಬೇಡವೇ ಬೇಡ. ಒತ್ತಡದಿಂದಾಗಿ 100 ಡಿಗ್ರಿ ದಾಟಿಯೂ ಕುದಿಯದೆ ನಿಂತ ದ್ರವ ಮುಖಕ್ಕೆ ಚಿಮ್ಮುತ್ತೆ.

ಕಾರಿನ ಮೂತಿ ಮೇಲಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ತುಂಬಿ. ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿಮಾಡಿ. ಮುಚ್ಚಳ ತೆರೆದಿಟ್ಟೇ ಎಂಜಿನ್ ಐಡಲ್‌ನಲ್ಲಿ ಓಡಲಿ, ಮುಖ ಮಾತ್ರ ದೂರವಿರಲಿ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಹೊತ್ತಿಗೆ ಥರ್ಮೋಸ್ಟಾಟ್ ತೆರೆಯುತ್ತೆ, ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತೆ. ಆಗ ತುಂಬುತ್ತಾ ಹೋಗಿ. ಫ್ಯಾನ್ ಎರಡು ಸಲ ಓಡಿ ನಿಂತು, ಹೀಟರ್‌ನಿಂದ ಬಿಸಿಗಾಳಿ ಬಂದರೆ ಕೆಲಸ ಆಯಿತು.

ಕೆಲವು ಹೊಸ ಕಾರುಗಳಿಗೆ ವ್ಯಾಕ್ಯೂಮ್ ಉಪಕರಣವೇ ಬೇಕು, ಮೊದಲು ಮ್ಯಾನುಯಲ್ ಓದಿ.

ಮರುದಿನ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಮಟ್ಟ ಇನ್ನೊಮ್ಮೆ ನೋಡಿ.