ಬೀಜದ ಹೋರಿಯ ಸಾಮರ್ಥ್ಯ ಪರೀಕ್ಷೆ

ಅಮೆರಿಕದ ಮಾಂಸೋತ್ಪಾದಕ ಗೋಸಾಕಣೆಯಲ್ಲಿ ಕರುವೇ ವರ್ಷದ ಆದಾಯ. ಹಸುವೊಂದು ಗಬ್ಬ ಧರಿಸದಿದ್ದಲ್ಲಿ ನಷ್ಟ ಒಂದು ಕರುವಿಗೆ ಸೀಮಿತ. ಆದರೆ 20ರಿಂದ 30 ಹಸುಗಳಿಗೆ ಬಿಟ್ಟ ಹೋರಿಯೇ ದುರ್ಬಲವಾದಲ್ಲಿ ಇಡೀ ಹಿಂಡಿನ ಗಳಿಕೆ ಕುಸಿಯುತ್ತದೆ. ಅರೆ ಸಾಮರ್ಥ್ಯದ ಹೋರಿ ಇನ್ನೂ ಮೋಸಕರ. ಅದರ ಕರುಗಳು ತಡವಾಗಿ ಹುಟ್ಟಿ, ಮಾರಾಟದ ವೇಳೆಗೆ ಕಡಿಮೆ ತೂಗುತ್ತವೆ. ದೋಷ ಮಾತ್ರ ಹಸುಗಳ ಮೇಲೆ ಬೀಳುತ್ತದೆ.

ಆದುದರಿಂದ ಪಶುವೈದ್ಯರು ಮೊದಲು ಹೋರಿಯ ಕಣ್ಣು, ಕಾಲು, ಗೊರಸು ಹಾಗೂ ಜನನಾಂಗಗಳನ್ನು ಪರಿಶೀಲಿಸುತ್ತಾರೆ. ಬಳಿಕ ವೃಷಣಚೀಲದ ಸುತ್ತಳತೆ: 15 ತಿಂಗಳವರೆಗಿನ ಹೋರಿಗೆ ಕನಿಷ್ಠ 30 ಸೆಂ.ಮೀ., 24 ತಿಂಗಳು ಮೀರಿದುದಕ್ಕೆ 34 ಸೆಂ.ಮೀ. ಕೊನೆಯದು ವೀರ್ಯಪರೀಕ್ಷೆ. ವೀರ್ಯಾಣುಗಳಲ್ಲಿ ಕನಿಷ್ಠ ಶೇ. 30 ಮುಂದಕ್ಕೆ ಚಲಿಸುವಂತಿರಬೇಕು, ಶೇ. 70 ಸಹಜ ಆಕಾರದವಾಗಿರಬೇಕು.

ವೀರ್ಯಾಣು ರೂಪುಗೊಳ್ಳಲು ಸುಮಾರು 60 ದಿನಗಳು ಬೇಕು. ಜ್ವರ ಅಥವಾ ಬಿಸಿಲಿನ ತಾಪದಿಂದ ಹಾನಿಗೊಂಡ ಹೋರಿಯನ್ನು ಒಡನೆಯೇ ತಿರಸ್ಕರಿಸದೆ ಮರುಪರೀಕ್ಷೆಗೆ ಕಾಯ್ದಿರಿಸುವುದು ಇದೇ ಕಾರಣದಿಂದ. ಬದಲಿ ಹೋರಿ ಕೊಳ್ಳಲು ಕಾಲಾವಕಾಶ ಉಳಿಯುವಂತೆ ಹಂಗಾಮಿಗೆ ಮುನ್ನವೇ ಪರೀಕ್ಷೆ ಮುಗಿಸುವುದು ಲೇಸು.

ಈ ಪರೀಕ್ಷೆ ಹೋರಿಯ ಬೆದೆಯಾಸಕ್ತಿಯನ್ನು ಅಳೆಯುವುದಿಲ್ಲ. ಆದ್ದರಿಂದ ಹಿಂಡಿಗೆ ಬಿಟ್ಟ ಮೊದಲ ವಾರಗಳಲ್ಲಿ ಅದರ ನಡವಳಿಕೆಯನ್ನು ಗಮನಿಸುವುದು ಅನಿವಾರ್ಯ.