ಬೇಕಂತಲೇ ಹಳಿ ತಪ್ಪಿಸುವ ಹಳಿ!

ರೈಲನ್ನ ಬೇಕಂತಲೇ ಹಳಿ ತಪ್ಪಿಸೋ ಹಳಿ ಇದೆ ಅಂದ್ರೆ ನಂಬ್ತೀರಾ?

ನಮ್ಮೂರು ಭೀಮನಬೀಡಿಗೆ, ಗುಂಡ್ಲುಪೇಟೆಗೆ ರೈಲಿಲ್ಲ.
ಮೈಸೂರಿಂದ ಬರೋ ಹಳಿ ಚಾಮರಾಜನಗರದಲ್ಲೇ ಕೊನೆ.
ಆದ್ರೆ ಮನೆ ಮೇಜಿನ ಮೇಲೆ ಪುಟ್ಟ ರೈಲು ಓಡಿಸಬಹುದು!
ಅದು ನಿಜದ ಹಾಗೇ ಕಾಣಬೇಕಾ?
ಆ ಹಳಿ ತಪ್ಪಿಸೋ ಹಳಿ, ಅಂದ್ರೆ ಟ್ರ್ಯಾಪ್ ಪಾಯಿಂಟ್ ಹಾಕಿ.

ಏನಿದು?
ಪಕ್ಕದ ಹಳಿಯಲ್ಲಿ, ಅಂದ್ರೆ ಸೈಡಿಂಗಿನಲ್ಲಿ, ಗೂಡ್ಸ್ ವ್ಯಾಗನ್ ನಿಂತಿದೆ.
ಅದು ತಾನಾಗೇ ಉರುಳಿ ಮೇನ್ ಲೈನಿಗೆ ನುಗ್ಗಿದ್ರೆ?
ಎದುರಿಗೆ ಪ್ಯಾಸೆಂಜರ್ ರೈಲು!

ಅದಕ್ಕೇ, ಮೇನ್ ಲೈನ್ ಸೇರೋ ಮೊದಲೇ
ಹಳಿ ಬಾಯಿ ತೆರೆದಿರುತ್ತೆ.
ವ್ಯಾಗನ್ ಪಕ್ಕದ ಮಣ್ಣಿಗೆ ಇಳಿದು ನಿಲ್ಲುತ್ತೆ.
ಗೂಡ್ಸ್ ಬರುವಾಗ, ಹೊರಡುವಾಗ ಮಾತ್ರ ಬಾಯಿ ಮುಚ್ಚುತ್ತೆ.

ಕೆರೆಗೆ ಕೋಡಿ ಇದ್ದ ಹಾಗೆ.
ಏರಿ ಒಡೆಯೋ ಬದಲು
ನೀರು ಪಕ್ಕಕ್ಕೆ ಹರಿದು ಹೋಗಲಿ ಅಂತ.

ಘಾಟಿಯಲ್ಲಿ ಇನ್ನೂ ದೊಡ್ಡ ಏರ್ಪಾಡು: ಕ್ಯಾಚ್ ಸೈಡಿಂಗ್.
ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ
50 ಮೀಟರ್ ಓಡಿದ್ರೆ 1 ಮೀಟರ್ ಇಳಿಜಾರು!
ಬ್ರೇಕ್ ಹಿಡಿಯದೆ ಜಾರಿ ಬರೋ ರೈಲನ್ನ
ಬೇರೆ ಹಳಿಗೆ ತಿರುಗಿಸಿ ನಿಲ್ಲಿಸ್ತಾರೆ.

ಈಗ ನಿಮ್ಮ ಮಾಡೆಲ್.
ಒಂದು: ಸೈಡಿಂಗ್ ಮೇನ್ ಲೈನ್ ಸೇರೋ ಜಾಗಕ್ಕಿಂತ ಸ್ವಲ್ಪ ಹಿಂದೆ ಟ್ರ್ಯಾಪ್ ಪಾಯಿಂಟ್ ಇಡಿ.
ಎರಡು: ಬಾಯಿ ಮೇನ್ ಲೈನಿಂದ ಆಚೆ ಕಡೆಗೇ ತಿರುಗಿರಲಿ.
ಮೂರು: ಅದು ನಿಜವಾಗಿ ಕೆಲಸ ಮಾಡಬೇಕಿಲ್ಲ.
ಚಕ್ರಕ್ಕೆ ತಗಲದಂತೆ ಅಂಟಿಸಿದ ತೆಳು ಹಳಿ ತುಂಡು ಸಾಕು.
ಆ ಬಾಯಿಯ ಕೊನೆಯಲ್ಲಿ ಪುಟ್ಟ ಮರಳು ದಿಬ್ಬ ಮಾಡಿ.

ಗಾತ್ರ ಚಿಕ್ಕದು.
ಆದ್ರೆ ರೈಲ್ವೆ ಪ್ರಾಣ ಉಳಿಸೋದು ಹೇಗೆ ಅಂತ
ನೋಡೋ ಮಕ್ಕಳಿಗೆ ಅದೇ ಪಾಠ.
ಇವತ್ತೇ ಒಂದು ಸೈಡಿಂಗಿಗೆ ಹಾಕಿ ನೋಡಿ!